ಬಚ್ಚಲುಮನೆಯ ಪಾಠಕ್ಕೊಂದು ಮೊಬೈಲ್



ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಊಟ ಮಾಡಿಸುವ ಅಭ್ಯಾಸದ ಕುರಿತು ಈ ಪುಟದಲ್ಲಿ ನಾವು ಹಿಂದೊಮ್ಮೆ ಬರೆದದ್ದು ನಿಮಗೆ ನೆನಪಿರಬಹುದು. ಅದನ್ನು ಓದಿದ ತಾಯಿಯೊಬ್ಬರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮನ್ನು ನಿಲ್ಲಿಸಿ ಕೇಳಿದರು: "ಫಾದರ್, ನೀವು ಬರೆದದ್ದು ಸರಿ. ಆದರೆ ನನ್ನ ಮಗನಿಗೆ ಆಟಿಸಂ ಇದೆಯಲ್ಲ. ಮೊಬೈಲಿನಲ್ಲಿ ಹಲ್ಲುಜ್ಜುವುದನ್ನು ನೋಡದೆ ಅವನು ಬಾಯಿಯನ್ನೇ ತೆರೆಯುವುದಿಲ್ಲ. ಅದನ್ನೂ ತೆಗೆದಿಡಬೇಕೋ?"

ತೆಗೆದಿಡುವುದು ಬೇಡ ಎಂದು ಅಲ್ಲಿಯೇ ಹೇಳಿದೆವು. ಆದರೆ ಏಕೆ ಬೇಡ, ಅದೇ ಮೊಬೈಲನ್ನು ಹೇಗೆ ಬಳಸಬೇಕು ಎಂಬುದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ವಿಷಯವಲ್ಲ. ಹಾಗಾಗಿ ಈ ತಿಂಗಳ ಪುಟ ಅದಕ್ಕೇ ಮೀಸಲು. ಇಂತಹ ಮಗು ನಮ್ಮ ಮನೆಯಲ್ಲಿಲ್ಲ ಎಂದು ಪುಟ ತಿರುಗಿಸಬೇಡಿ. ನಿಮ್ಮ ವಾಳೆಯಲ್ಲಿ ಇರಬಹುದು, ನಿಮ್ಮ ತಂಗಿಯ ಮನೆಯಲ್ಲಿ ಇರಬಹುದು.

ಆಟಿಸಂ ಕಾಯಿಲೆಯಲ್ಲ, ಅಂಟುವುದಿಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳ ವಿವರ ಬರೆದು ಪ್ರಕಟಿಸಿದಾಗ ಈ ಹೆಸರು ವೈದ್ಯಲೋಕದಲ್ಲಿ ನೆಲೆಯೂರಿತು. ಅನಂತರದ ಎರಡು ಮೂರು ದಶಕ ತಾಯಂದಿರ ಮೇಲೆ ದೊಡ್ಡ ಅನ್ಯಾಯ ನಡೆಯಿತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂದು ಓದಿದವರೇ ಬರೆದರು. ಅದು ಸುಳ್ಳೆಂದು ಎಂದೋ ಸಾಬೀತಾಗಿದೆ. ಮೆದುಳಿನ ಬೆಳವಣಿಗೆಯ ದಾರಿಯೇ ಹುಟ್ಟಿನಿಂದ ಸ್ವಲ್ಪ ಬೇರೆಯಾಗಿರುವುದು, ಅಷ್ಟೆ. ಆದರೂ ನಮ್ಮ ಕಡೆ ಇಂದಿಗೂ ಮನೆಗೆ ಬಂದ ನೆಂಟರು "ನೀನು ಕೆಲಸಕ್ಕೆ ಹೋದದ್ದಕ್ಕೆ ಹೀಗಾಯಿತು" ಎಂದು ಸೊಸೆಗೆ ಹೇಳಿ ಹೋಗುವುದುಂಟು. ಅಂತಹ ನೆಂಟರಿಗೆ ಈ ಪುಟವನ್ನು ಓದಲು ಕೊಡಿ.

ಇನ್ನು ಹಲ್ಲುಜ್ಜುವ ವಿಚಾರ. "ಹೋಗಿ ಹಲ್ಲುಜ್ಜಿ ಬಾ" ಎನ್ನುವುದು ನಮಗೆ ಒಂದೇ ಮಾತು. ಅದರೊಳಗೆ ಎಷ್ಟು ಕೆಲಸ ಅಡಗಿದೆ ಎಂದು ಒಮ್ಮೆ ಎಣಿಸಿ ನೋಡೋಣ. ಬ್ರಷ್ ತೆಗೆ, ಒದ್ದೆ ಮಾಡು, ಪೇಸ್ಟಿನ ಮುಚ್ಚಳ ತೆರೆ, ಕಡಲೆಕಾಳಿನಷ್ಟು ಹಿಂಡು, ಮುಚ್ಚಳ ಹಾಕು, ಮೇಲಿನ ಎಡಸಾಲು, ಮೇಲಿನ ಬಲಸಾಲು, ಕೆಳಗಿನ ಎಡಸಾಲು, ಕೆಳಗಿನ ಬಲಸಾಲು, ಎದುರಿನ ಹಲ್ಲು, ಉಗುಳು, ಬಾಯಿ ಮುಕ್ಕಳಿಸು, ಬ್ರಷ್ ತೊಳೆ, ಜಾಗದಲ್ಲಿಡು. ಲೆಕ್ಕ ಹಾಕಿದರೆ 14 ಆಯಿತು. ಉಳಿದ ಮಕ್ಕಳು ಅಪ್ಪನನ್ನೋ ಅಕ್ಕನನ್ನೋ ನೋಡುತ್ತ ನೋಡುತ್ತ ಇವನ್ನೆಲ್ಲ ತಾವಾಗಿಯೇ ಒಂದಕ್ಕೊಂದು ಪೋಣಿಸಿಕೊಳ್ಳುತ್ತಾರೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಹಾಗೆ ಇನ್ನೊಬ್ಬರನ್ನು ನೋಡಿ ಅನುಕರಿಸುವುದೇ ಕಷ್ಟ. ಒಂದು ಹೆಜ್ಜೆಯಾದ ಮೇಲೆ ಮುಂದಿನದು ಯಾವುದೆಂದು ಹೊಳೆಯದೆ ನಿಂತುಬಿಡುತ್ತಾರೆ. ಜೊತೆಗೆ ಇಂದ್ರಿಯಗಳ ತೊಂದರೆ ಬೇರೆ. ನಮಗೆ ತಂಪೆನಿಸುವ ಪುದಿನದ ಪೇಸ್ಟು ಅವರ ನಾಲಿಗೆಗೆ ಮೆಣಸಿನಂತೆ ಉರಿಯಬಹುದು. ತಲೆಯ ಮೇಲೆ ಬೀಳುವ ನೀರು ಮೊಳೆ ಚುಚ್ಚಿದಂತೆ ಆಗಬಹುದು. ಹೊಸ ಅಂಗಿಯ ಕೊರಳ ಚೀಟಿ ದಿನವಿಡೀ ಕಾಡಬಹುದು. ಮಗು ಬಚ್ಚಲಿನ ಬಾಗಿಲಲ್ಲಿ ಕಿರುಚಿದರೆ ಅದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿದು ಬೆನ್ನಿಗೆರಡು ಕೊಡುವವರು ಮೊದಲು ಪೇಸ್ಟು ಬದಲಾಯಿಸಿ ನೋಡಲಿ. ಎಷ್ಟೋ ಮನೆಗಳಲ್ಲಿ ಜಗಳ ಅಲ್ಲಿಗೇ ಮುಗಿಯುತ್ತದೆ.

ಇದು ಬರಿಯ ಶುಚಿತ್ವದ ಪ್ರಶ್ನೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಐದು ವರ್ಷದ ಮಗುವನ್ನು ತಾಯಿ ಮೀಯಿಸುವುದು ಸಹಜ. ಮಗನಿಗೆ ಹದಿನೈದಾಗಿ, ತಾಯಿಗೆ ಬೆನ್ನುನೋವು ಹಿಡಿದ ಮೇಲೆ? ಮಗಳು ದೊಡ್ಡವಳಾದ ಮೇಲೆ? ಸ್ನಾನಕ್ಕೆ, ಶೌಚಕ್ಕೆ, ಬಟ್ಟೆ ಬದಲಾಯಿಸಲಿಕ್ಕೆ ಇನ್ನೊಬ್ಬರ ಕೈಯನ್ನೇ ನಂಬಿರುವವರ ದೇಹವನ್ನು ಯಾರು ಬೇಕಾದರೂ ಮುಟ್ಟಬಹುದು. ಮುಟ್ಟಿದ್ದು ತಪ್ಪೋ ಸರಿಯೋ ಎಂದು ಹೇಳುವ ಮಾತೂ ಆ ಮಗುವಿಗಿಲ್ಲ. ಇಂತಹ ತಂದೆತಾಯಂದಿರೊಂದಿಗೆ ಮಾತಿಗೆ ಕುಳಿತಾಗಲೆಲ್ಲ ಕೊನೆಗೆ ಬರುವ ಪ್ರಶ್ನೆ ಒಂದೇ: "ನಮ್ಮ ನಂತರ ಇವನಿಗೆ ಯಾರು?" ಆ ಪ್ರಶ್ನೆಗೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ತಾನೇ ತೊಳೆದುಕೊಂಡು, ತಾನೇ ಬಟ್ಟೆ ಹಾಕಿಕೊಳ್ಳಬಲ್ಲವನನ್ನು ನೋಡಿಕೊಳ್ಳಲು ಅಣ್ಣನಾಗಲಿ ಚಿಕ್ಕಮ್ಮನಾಗಲಿ ಮುಂದೆ ಬರುವುದು ಹೆಚ್ಚು ಸುಲಭ ಎಂಬುದು ಮನೆ ನಡೆಸಿದವರಿಗೆಲ್ಲ ತಿಳಿದ ಸಂಗತಿ.

ಮೊಬೈಲ್ ಇಲ್ಲಿ ಹೇಗೆ ನೆರವಾಗುತ್ತದೆ? ತಾಯಿ ಇವತ್ತು ನಗುತ್ತ ತೋರಿಸಿದ್ದನ್ನು ನಾಳೆ ಅವಸರದಲ್ಲಿ ತೋರಿಸುತ್ತಾಳೆ, ನಾಡಿದ್ದು ಗದರುತ್ತಾಳೆ. ಮುಖ ಬದಲಾಯಿತು, ಸ್ವರ ಬದಲಾಯಿತು, ಕೈಯ ವೇಗ ಬದಲಾಯಿತು. ಮಗುವಿಗೆ ಅದು ಮೂರು ಬೇರೆ ಬೇರೆ ಪಾಠ. ವೀಡಿಯೊ ನೂರನೆಯ ಸಲವೂ ಮೊದಲ ಸಲದಂತೆಯೇ ಇರುತ್ತದೆ. ಅದಕ್ಕೆ ದಣಿವಿಲ್ಲ, ಸಿಟ್ಟಿಲ್ಲ. ಬೇಕಾದ ಕಡೆ ನಿಲ್ಲಿಸಬಹುದು, ಹಿಂದಕ್ಕೆ ತರಬಹುದು. ಎದುರಿಗಿರುವವರ ಕಣ್ಣನ್ನು ನೋಡಬೇಕಾದ ಒತ್ತಡವೂ ಇಲ್ಲ. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಮಾರ್ಜೊರಿ ಚಾರ್ಲಪ್-ಕ್ರಿಸ್ಟಿ ಮತ್ತು ಸಂಗಡಿಗರು ಐವರು ಮಕ್ಕಳಿಗೆ ಕೆಲವು ಕೆಲಸಗಳನ್ನು ಎದುರೇ ಮಾಡಿ ತೋರಿಸಿ, ಕೆಲವನ್ನು ವೀಡಿಯೊದಲ್ಲಿ ತೋರಿಸಿ ಕಲಿಸಿದರು. ವೀಡಿಯೊದಲ್ಲಿ ಕಂಡದ್ದನ್ನು ಮಕ್ಕಳು ಬೇಗ ಕಲಿತರು. ಎರಡು ವರ್ಷದ ಬಳಿಕ, 2002ರಲ್ಲಿ, ಇನ್ನೊಂದು ತಂಡ ಐದು ವರ್ಷದ ಮೂವರು ಮಕ್ಕಳಿಗೆ ಮೇಜು ಸಜ್ಜುಗೊಳಿಸುವುದು, ಹಣ್ಣಿನ ರಸ ಮಾಡುವುದು ಮುಂತಾದ ಮನೆಗೆಲಸಗಳನ್ನು ಹೀಗೆಯೇ ಕಲಿಸಿತು. ಅವರ ವಿಶೇಷವೆಂದರೆ ಕ್ಯಾಮರಾ ಹಿಡಿದ ಸ್ಥಾನ. ಎದುರಿನಿಂದ ಹಿಡಿಯದೆ, ಮಗುವಿನ ಕಣ್ಣಿಗೆ ತನ್ನದೇ ಕೈಗಳು ಹೇಗೆ ಕಾಣುತ್ತವೆಯೋ ಹಾಗೆ ಹಿಡಿದಿದ್ದರು. ಐದು ಮಕ್ಕಳು, ಮೂರು ಮಕ್ಕಳು ಎಂದರೆ ಬಹಳ ಸಣ್ಣ ಸಂಖ್ಯೆ ಎಂದು ನೀವು ಹೇಳಬಹುದು. ನಿಜ. ಆದರೆ ಆಮೇಲೆ ಬೇರೆ ಬೇರೆ ಕಡೆ ಇದೇ ಕೆಲಸ ನಡೆಯಿತು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2020ರಲ್ಲಿ ಸಂಶೋಧನೆಗಳನ್ನೆಲ್ಲ ಜಾಲಾಡಿ, ಆಟಿಸಂ ಮಕ್ಕಳಿಗೆ ಉಪಯೋಗವಾಗುತ್ತದೆಂದು ಸಾಕ್ಷ್ಯವಿರುವ 28 ವಿಧಾನಗಳ ಪಟ್ಟಿ ಮಾಡಿದಾಗ ವೀಡಿಯೊ ತೋರಿಸಿ ಕಲಿಸುವುದೂ, ಚಿತ್ರಗಳ ಸಹಾಯವೂ, ಕೆಲಸವನ್ನು ಹೆಜ್ಜೆಗಳಾಗಿ ಒಡೆಯುವುದೂ ಅದರಲ್ಲಿದ್ದವು.

ಹಾಗೆಂದು ಯೂಟ್ಯೂಬಿನಲ್ಲಿ ಹುಡುಕಿ ಸಿಕ್ಕಿದ ವೀಡಿಯೊವನ್ನು ಹಾಕಿಕೊಟ್ಟರೆ ಸಾಕೇ? ನಮ್ಮ ಅಭಿಪ್ರಾಯದಲ್ಲಿ ಸಾಲದು. ಅಲ್ಲಿ ಕಾಣುವುದು ಬಿಳಿಯ ಬೇಸಿನ್ನು, ಬಿಸಿನೀರಿನ ತಿರುಪು, ಗಾಜಿನ ಬಾಗಿಲು. ನಮ್ಮಲ್ಲಿರುವುದು ಹಂಡೆ, ಬಾಲ್ದಿ, ನೀಲಿ ಮಗ್ಗು, ಹಗ್ಗದ ಮೇಲೊಂದು ಬೈರಾಸು. ನಾವಾದರೆ ಅದನ್ನು ಇದಕ್ಕೆ ಹೊಂದಿಸಿಕೊಳ್ಳುತ್ತೇವೆ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ಯುವುದೇ ಈ ಮಕ್ಕಳಿಗೆ ಕಠಿಣ. ಆದ್ದರಿಂದ ವೀಡಿಯೊ ನಿಮ್ಮ ಮನೆಯ ನಳ್ಳಿಯದ್ದೇ ಆಗಿರಲಿ, ನಿಮ್ಮ ಮಗ್ಗಿನದ್ದೇ ಆಗಿರಲಿ. ಸಿನಿಮಾ ತೆಗೆಯಬೇಕಾಗಿಲ್ಲ. ಅಣ್ಣನೋ ಅಕ್ಕನೋ ಕೈ ತೊಳೆಯಲಿ. ಅವರ ಹೆಗಲ ಹಿಂದಿನಿಂದ ಕೈಗಳು ಮಾತ್ರ ಕಾಣುವಂತೆ ಹಿಡಿಯಿರಿ. ಹಿನ್ನೆಲೆಯಲ್ಲಿ ಟಿವಿ ಬೇಡ, ಕುಕ್ಕರಿನ ಸೀಟಿ ಬೇಡ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಉದ್ದದ ಕೆಲಸವಾದರೆ ಪ್ರತಿ ಹೆಜ್ಜೆಗೂ ಒಂದೊಂದು ತುಣುಕು ಮಾಡಿ: ಒಂದನ್ನು ನೋಡು, ಅದನ್ನು ಮಾಡು, ಮತ್ತೊಂದನ್ನು ನೋಡು.

ಈಗ ನಮ್ಮ ಗಡಿನಾಡಿಗೇ ವಿಶೇಷವಾದ ಒಂದು ತೊಡಕು. ಕಾಸರಗೋಡಿನ ನಮ್ಮ ಮನೆಗಳಲ್ಲಿ ತಾಯಿ ಕೊಂಕಣಿಯಲ್ಲಿ 'ಧು' ಎನ್ನುತ್ತಾಳೆ, ನೆರೆಮನೆಯ ಅಕ್ಕ ತುಳುವಿನಲ್ಲಿ 'ದೆಕ್ಕ್' ಎನ್ನುತ್ತಾರೆ, ಶಾಲೆಯ ಟೀಚರು 'ತೊಳೆ' ಎನ್ನುತ್ತಾರೆ, ಥೆರಪಿಗೆ ಹೋದರೆ ಅಲ್ಲಿ ಮಲಯಾಳದಲ್ಲಿ 'ಕಳುಗ್' ಎಂದು ಹೇಳುತ್ತಾರೆ. ಒಂದು ಕೈ ತೊಳೆಯಲಿಕ್ಕೆ ನಾಲ್ಕು ಭಾಷೆ! ಇದನ್ನು ಕಂಡು ಕೆಲವರು, ಮನೆಯ ಭಾಷೆಯನ್ನು ಬಿಟ್ಟು ಒಂದೇ ಭಾಷೆ, ಅದರಲ್ಲೂ ಇಂಗ್ಲಿಷೋ ಮಲಯಾಳವೋ ಮಾತ್ರ ಆಡಿರಿ ಎಂದು ತಂದೆತಾಯಂದಿರಿಗೆ ಸಲಹೆ ಕೊಡುವುದುಂಟು. ಇದನ್ನು ನಾವು ಒಪ್ಪುವುದಿಲ್ಲ. ಸಂಶೋಧನೆಯೂ ಅದರ ಪರವಾಗಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳು ಅದರಿಂದಾಗಿಯೇ ಮಾತಿನಲ್ಲಿ ಹಿಂದುಳಿಯುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಬಾರದ ಭಾಷೆಯಲ್ಲಿ ಮಗುವನ್ನು ಬೆಳೆಸಿದರೆ ಆ ಮಗುವಿಗೆ ಅಜ್ಜಿಯೂ ಇಲ್ಲದಂತಾಗುತ್ತದೆ. ಆದರೆ ವೀಡಿಯೊದ ಮಾತಿಗೆ ಬಂದಾಗ ಒಂದು ಶಿಸ್ತು ಬೇಕು. ಒಂದು ಕೆಲಸಕ್ಕೆ ಒಂದೇ ಪದ ಆರಿಸಿಕೊಳ್ಳಿ, ಮನೆಯವರೆಲ್ಲ ಅದನ್ನೇ ಹೇಳಿ, ಶಾಲೆಗೂ ಥೆರಪಿಯವರಿಗೂ ಆ ಪದವನ್ನು ಬರೆದುಕೊಡಿ. ಮಾತೇ ಇಲ್ಲದ ವೀಡಿಯೊ ಆದರೂ ತೊಂದರೆಯಿಲ್ಲ. ಮಲಯಾಳದ ಟೀಚರಿಗೂ ಕೊಂಕಣಿಯ ಅಮ್ಮನಿಗೂ ನೀರು ಒಂದೇ ತೆರನಾಗಿ ಬೀಳುತ್ತದೆ.

ಕಲಿಸುವುದನ್ನು ಕೊನೆಯಿಂದ ಆರಂಭಿಸುವ ಒಂದು ಕ್ರಮವಿದೆ. ನಮಗೆ ಬಹಳ ಹಿಡಿಸಿದ ಕ್ರಮ ಇದು. ಕೈ ತೊಳೆಯುವುದರಲ್ಲಿ ಮೊದಲ ಹೆಜ್ಜೆಗಳನ್ನೆಲ್ಲ ನೀವೇ ಮಗುವಿನ ಕೈ ಹಿಡಿದು ಮಾಡಿಸಿ. ಬೈರಾಸಿನಲ್ಲಿ ಒರಸಿಕೊಳ್ಳುವ ಕೊನೆಯ ಹೆಜ್ಜೆಯನ್ನು ಮಾತ್ರ ಮಗುವಿಗೇ ಬಿಡಿ. ಕೆಲಸ ಮುಗಿಸಿದವನು ಅವನೇ ಆದ. ಶಾಭಾಸ್ ಸಿಕ್ಕಿದ್ದೂ ಅವನಿಗೆ. ಅದು ರೂಢಿಯಾದ ಮೇಲೆ ನಳ್ಳಿ ಮುಚ್ಚುವುದು, ಅನಂತರ ನೊರೆ ತೊಳೆಯುವುದು, ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಮೊದಲಿನಿಂದ ಕಲಿಸಿದರೆ ಅರ್ಧದಲ್ಲಿ ಸೋತು ನಿಲ್ಲುವುದೇ ಮಗುವಿನ ದಿನನಿತ್ಯದ ಅನುಭವವಾಗುತ್ತದೆ.

ನೋಡುವುದಕ್ಕಷ್ಟೇ ಅಲ್ಲದೆ, ಮಗು ಮುಟ್ಟಿದರೆ ಉತ್ತರಿಸುವ ಸಾಧನಗಳೂ ಈಗ ಬಂದಿವೆ. ಒಂದು ಹೆಜ್ಜೆ ಮುಗಿದೊಡನೆ ಚಿತ್ರವನ್ನು ಒತ್ತಿದರೆ ಅದು ಮರೆಯಾಗಿ ಮುಂದಿನ ಚಿತ್ರ ಬರುತ್ತದೆ. ಇನ್ನೆಷ್ಟು ಹೊತ್ತು ಉಜ್ಜಬೇಕೆಂದು ಬಣ್ಣದ ವೃತ್ತವೊಂದು ಕರಗುತ್ತ ತೋರಿಸುತ್ತದೆ. ಕೊನೆಯೇ ಕಾಣದ ಕೆಲಸಕ್ಕೆ ಹೆದರುವ ಮಗುವಿಗೆ ಇದು ದೊಡ್ಡ ಸಮಾಧಾನ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು 2005ರಿಂದ ಕ್ಯಾಸ್ಪರ್ ಎಂಬ ಮಗುವಿನ ಗಾತ್ರದ ಯಂತ್ರಮಾನವನನ್ನೇ ಬೆಳೆಸುತ್ತ ಬಂದರು. ನಮ್ಮ ಪೈಕಿ ಯಾರ ಮನೆಗೂ ಅದು ಬರುವಂತಿಲ್ಲ, ಬರಬೇಕಾಗಿಯೂ ಇಲ್ಲ. ನಮಗೆ ಹೆಚ್ಚು ಹತ್ತಿರದ್ದು ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಮತ್ತು ಸಂಗಡಿಗರು ರೂಪಿಸಿದ ಆವಾಜ್, ಮುಂಬೈ ಐಐಟಿಯಲ್ಲಿ ಸಿದ್ಧವಾದ ಜೆಲ್ಲೊ. ಮಾತು ಬಾರದ ಮಗು ಚಿತ್ರ ಒತ್ತಿದರೆ ಸಾಧನ ಅದರ ಪರವಾಗಿ ಮಾತನಾಡುತ್ತದೆ. ಇದಕ್ಕೂ ಸ್ನಾನಕ್ಕೂ ಏನು ಸಂಬಂಧ ಎನ್ನಬೇಡಿ. 'ನೀರು ಬಿಸಿ', 'ಸಾಕು', 'ನೋವಾಗುತ್ತಿದೆ', 'ಮುಟ್ಟಬೇಡ' ಎಂದು ಹೇಳಬಲ್ಲ ಮಗು ಕಿರುಚಬೇಕಾಗಿಲ್ಲ. ಕೆಟ್ಟ ಕೈಯನ್ನು ತಡೆಯಲಿಕ್ಕೂ ಅದಕ್ಕೊಂದು ದಾರಿಯಾಯಿತು. 'ಬೇಡ' ಎಂಬ ಚಿತ್ರವನ್ನು ಪರದೆಯಿಂದ ತೆಗೆದುಹಾಕುವ ತಂದೆತಾಯಂದಿರಿದ್ದಾರೆ, ಮಗು ಅದನ್ನೇ ಒತ್ತುತ್ತದೆಂದು. ದಯವಿಟ್ಟು ತೆಗೆಯಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾವು ಗಡಸಾಗಿಯೇ ಹೇಳುತ್ತೇವೆ. ಸ್ನಾನ, ಶೌಚ, ಬಟ್ಟೆ ಬದಲಾಯಿಸುವುದು ಇವುಗಳ ವೀಡಿಯೊದಲ್ಲಿ ಯಾವ ಮಗುವಿನ ಮೈಯೂ ಕಾಣಬಾರದು. ಗೊಂಬೆಯನ್ನು ಬಳಸಿ, ಚಿತ್ರ ಬರೆದು ತೋರಿಸಿ, ಅಂಗಿಯ ಮೇಲೆಯೇ ಸಾಬೂನು ಹಚ್ಚುವಂತೆ ಅಭಿನಯಿಸಿ. ಫೋನಿನಲ್ಲಿ ತೆಗೆದದ್ದು ನಮಗೆ ತಿಳಿಯದೆಯೇ ಬೇರೆಡೆ ಶೇಖರವಾಗುತ್ತದೆ, ಫೋನು ರಿಪೇರಿಗೆ ಹೋಗುತ್ತದೆ, ಚಿಕ್ಕಪ್ಪನ ಮಗ ಕೈಗೆತ್ತಿಕೊಳ್ಳುತ್ತಾನೆ. "ನೋಡಿ, ನಮ್ಮ ಹುಡುಗ ಎಷ್ಟು ಚೆನ್ನಾಗಿ ಸ್ನಾನ ಮಾಡುತ್ತಾನೆ" ಎಂದು ವಾಟ್ಸಾಪ್ ಗುಂಪಿಗೆ ಹಾಕುವ ಪ್ರೀತಿ ಬೇಡ. ಮಾತಾಡಲಾರದ ಮಗುವಿಗೂ ಮಾನವಿದೆ. ಅದಕ್ಕೆ 2012ರ ಪೋಕ್ಸೊ ಕಾನೂನಿನ ರಕ್ಷಣೆಯೂ ಇದೆ. ಹಾಗೆಯೇ ಹೆಜ್ಜೆಗಳ ಪಟ್ಟಿ ಬರೆಯುವಾಗ ಹೆಚ್ಚಿನವರು ಮರೆಯುವ ಮೊದಲ ಹೆಜ್ಜೆಯೊಂದಿದೆ: 'ಬಾಗಿಲು ಹಾಕು'. ಅದಕ್ಕೊಂದು ಚಿತ್ರ ಬೇಕು. ಒಳಗೆ ಬಂದು ಸಹಾಯ ಮಾಡಬಹುದಾದವರು ಯಾರು ಎಂಬುದಕ್ಕೂ ಅವರ ಫೋಟೋ ಬೇಕು. ಇಬ್ಬರೋ ಮೂವರೋ, ಅದಕ್ಕಿಂತ ಹೆಚ್ಚಲ್ಲ. ಹೆಣ್ಣುಮಕ್ಕಳ ತಿಂಗಳ ದಿನಗಳ ಪಾಠವನ್ನು ಮೊದಲ ಸಲ ಆಗುವ ಮುಂಚೆಯೇ ಆರಂಭಿಸಿ. ಪ್ಯಾಡ್ ಧರಿಸಿ ಕುಳಿತುಕೊಳ್ಳುವ ಅಭ್ಯಾಸ, ಕೆಂಪು ಬಣ್ಣ ಹಾಕಿ ಬದಲಾಯಿಸುವ ಅಭ್ಯಾಸ, ಎಲ್ಲಿ ಸುತ್ತಿ ಹಾಕಬೇಕೆಂಬ ಚಿತ್ರ. ಆ ದಿನ ಬಂದಾಗ ಗಾಬರಿಯಾಗುವವಳು ಮಗಳಲ್ಲ, ತಾಯಿಯೇ ಎಂದು ಅನುಭವಸ್ಥರು ಹೇಳುತ್ತಾರೆ.

ಪಾಠದ ಮೊಬೈಲಿಗೂ ಹಟ ನಿಲ್ಲಿಸುವ ಮೊಬೈಲಿಗೂ ವ್ಯತ್ಯಾಸ ಇರಲೇಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದು ವರ್ಷದ ಒಳಗಿನವರಿಗೆ ಪರದೆಯೇ ಬೇಡ. ನಮ್ಮ ಪಾಠ ನೋಡಲು ಒಂದು ನಿಮಿಷ, ಮಾಡಲು ಹತ್ತು ನಿಮಿಷ. ನೋಡಿದ್ದು ನೀರಿಗೆ, ಬ್ರಷಿಗೆ, ಗುಂಡಿಗೆ ಬಂದು ಮುಟ್ಟದಿದ್ದರೆ ಅದು ಪಾಠವಲ್ಲ. ಹಳೆಯ ಫೋನೊಂದನ್ನು ಇದಕ್ಕೇ ಇಟ್ಟು, ಸಿಮ್ ತೆಗೆದು, ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೂಡಿನಲ್ಲಿಡಿ. ಒಂದೇ ಆ್ಯಪಿನಿಂದ ಮಗು ಹೊರಗೆ ಹೋಗದಂತೆ ಪರದೆಯನ್ನು ಕಟ್ಟಿಹಾಕುವ ಸೌಕರ್ಯ ಹೆಚ್ಚಿನ ಫೋನುಗಳಲ್ಲಿದೆ. ನಿಮಗೆ ಗೊತ್ತಿಲ್ಲದಿದ್ದರೆ ಯುವಜನ ಸಂಘದ ಹುಡುಗರನ್ನು ಕೇಳಿ, ಅವರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ಕ್ರಮೇಣ ಫೋನನ್ನೂ ಹಿಂದಕ್ಕೆ ಸರಿಸಬೇಕು. ಪೂರ್ತಿ ವೀಡಿಯೊ, ಆಮೇಲೆ ತಪ್ಪುವ ಹೆಜ್ಜೆಯದ್ದು ಮಾತ್ರ, ಆಮೇಲೆ ಗೋಡೆಯ ಮೇಲೆ ಅಂಟಿಸಿದ ನಾಲ್ಕು ಫೋಟೋ, ಆಮೇಲೆ ಅದೂ ಇಲ್ಲ. ಗೋಡೆಯ ಚಿತ್ರ ಹಳೆಯ ವಿದ್ಯೆ: ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ 1972ರಲ್ಲಿ ರಾಜ್ಯದಾದ್ಯಂತ ಆರಂಭಿಸಿದ ಟೀಚ್ ಕಾರ್ಯಕ್ರಮ ಚಿತ್ರಗಳ ಮೂಲಕ ದಿನಚರಿ ತೋರಿಸುವುದನ್ನೇ ನೆಚ್ಚಿಕೊಂಡಿತ್ತು. ಜೂನ್ ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುವುದೋ ದೇವರೇ ಬಲ್ಲ. ಚಾರ್ಜು ಮುಗಿದ ದಿನ ಮಗು ಮೀಯದೆ ಕೂರಬಾರದು. ಕೆಲವು ಮಕ್ಕಳಿಗೆ ಗೋಡೆಯ ಚಿತ್ರ ಜೀವನವಿಡೀ ಬೇಕಾಗಬಹುದು. ಇರಲಿ. ಕನ್ನಡಕ ಹಾಕಿದವರಿಗೆ ಯಾವಾಗ ತೆಗೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲವಷ್ಟೆ.

ಕಾನೂನಿನ ಮಾತು ಚಿಕ್ಕದಾಗಿ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಭಾಗಗಳಲ್ಲೂ ಆಟಿಸಂ ಸೇರಿದೆ. ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ನೆರವಿದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಕೇರಳದ ಪಂಚಾಯತುಗಳಲ್ಲಿ ಕುಟುಂಬಶ್ರೀಯ ಸಹಕಾರದಿಂದ ನಡೆಯುವ ಬಡ್ಸ್ ಶಾಲೆಗಳಿವೆ, ಬಿ.ಆರ್.ಸಿ.ಗಳಲ್ಲಿ ವಿಶೇಷ ಶಿಕ್ಷಕರಿದ್ದಾರೆ. ಹೋದಾಗ ನಿಮ್ಮ ಮೊಬೈಲಿನ ವೀಡಿಯೊವನ್ನು ಅವರಿಗೆ ತೋರಿಸಿ; ಅವರೂ ಶಾಲೆಯ ನಳ್ಳಿಯದ್ದೊಂದು ತೆಗೆದುಕೊಡಬಹುದು.

ನಮ್ಮ ಇಗರ್ಜಿಯದ್ದೂ ಒಂದು ಬೇಕು. ಹಬ್ಬದ ದಿನ ಇಂತಹ ಮಕ್ಕಳ ಮನೆಯವರು ಬಲಿಪೂಜೆ ಮುಗಿದೊಡನೆ ಊಟಕ್ಕೂ ನಿಲ್ಲದೆ ಹೊರಡುವುದನ್ನು ನಾವು ಗಮನಿಸಿದ್ದೇವೆ. ಮಗು ಪರಿಚಯವಿಲ್ಲದ ಶೌಚಾಲಯಕ್ಕೆ ಕಾಲಿಡುವುದಿಲ್ಲ ಎಂಬುದೇ ಕಾರಣ. ಸಭಾಭವನದ ಹಿಂದಿನ ಶೌಚಾಲಯದ ಬಾಗಿಲ ಚಿಲಕ ಎಡಕ್ಕೆ ತಿರುಗುತ್ತದೆ, ನಳ್ಳಿಯನ್ನು ತಿರುಗಿಸುವುದಲ್ಲ, ಒತ್ತುವುದು. ವಾರದ ದಿನಗಳಲ್ಲಿ ಸಂಜೆ ನಾಲ್ಕರ ನಂತರ ಅಲ್ಲಿ ಯಾರೂ ಇರುವುದಿಲ್ಲ. ಮಗುವನ್ನೂ ಮೊಬೈಲನ್ನೂ ಕರೆದುಕೊಂಡು ಬನ್ನಿ, ಸಾವಕಾಶವಾಗಿ ನೋಡಿ, ಫೋಟೋ ತೆಗೆದುಕೊಳ್ಳಿ. ಕೀಲಿಕೈ ಕಚೇರಿಯ ಬಾಗಿಲ ಹಿಂದೆ ತೂಗುಹಾಕಿದೆ. ಕೇಳಿದರೆ ಕೊಡುತ್ತೇವೆ.